ಬಿಚ್ಚಿ ಹೊಲಿದ ಸೊಂಟಪಟ್ಟಿ

ದರ್ಜಿ ಗುಂಡಣ್ಣ ಟೇಪು ಹಿಡಿದರೆ ಯಾವ ಗಿರಾಕಿಯ ಹೊಟ್ಟೆಗೂ ಉಳಿಗಾಲವಿಲ್ಲ. "ಏನ್ ಸಾರ್, ಬೆಳೀತಾನೇ ಇದೀರಲ್ಲ!" ಎಂದು ಕಾಲೆಳೆಯದೆ ಅವನು ಅಳತೆ ತೆಗೆದವನಲ್ಲ. ಮನೆಯಲ್ಲಿ ಮಾತ್ರ ಆ ಟೇಪು ಜೇಬಿನಿಂದ ಆಚೆ ಬರುತ್ತಿರಲಿಲ್ಲ. ಹತ್ತು ವರ್ಷದ ಮಗಳ ಶಾಲೆಯ ಸ್ಕರ್ಟ್ ಬಿಗಿಯಾದಾಗಲೆಲ್ಲ, ಸೊಂಟಪಟ್ಟಿಯೊಳಗೆ ಮಡಚಿಟ್ಟ ಬಟ್ಟೆಯನ್ನು ಸದ್ದಿಲ್ಲದೆ ಬಿಚ್ಚಿ ಮತ್ತೆ ಹೊಲಿದುಬಿಡುತ್ತಿದ್ದ.

"ಇವಳು ಯಾಕೋ ತುಂಬಾ ದಪ್ಪ ಆಗ್ತಿದಾಳೆ ರೀ" ಎಂದು ಹೆಂಡತಿ ಅಂದರೆ, "ಹೋದ ವರ್ಷದ ಸ್ಕರ್ಟೇ ಆಗ್ತಿದೆಯಲ್ಲೇ!" ಎಂದು ವಾದ ಗೆಲ್ಲುತ್ತಿದ್ದ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ತಾನೇ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೆದ್ದ ಖುಷಿಯಲ್ಲಿ ಮರೆಯುತ್ತಿದ್ದ, ಅಷ್ಟೆ.

ಶಾಲೆಗೆ ಬಂದ ಆರೋಗ್ಯ ತಪಾಸಣೆಯವರು ಮಗಳ ಬಿಪಿ ವಯಸ್ಸಿಗೆ ಮೀರಿ ಹೆಚ್ಚಿದೆ ಎಂದು ಹೇಳಿ ಕಳಿಸಿದರು. ಮಕ್ಕಳ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಮನೆಯಲ್ಲಿ ಯಾರಿಗಾದ್ರೂ ಹೃದಯದ ತೊಂದರೆ ಇದೆಯಾ?"

"ನನಗೇ ಮೇಡಂ. ನಲವತ್ತಕ್ಕೇ ಸ್ಟೆಂಟ್ ಬಿತ್ತು. ಎಲ್ಲದರಲ್ಲೂ ನಾನು ಸ್ವಲ್ಪ ಮುಂದೆ!"

"ಚಿಕ್ಕಂದಿನಲ್ಲಿ ಹೇಗಿದ್ರಿ?"

"ಗುಂಡಗೆ! ಹೆಸರೇ ಹೇಳುತ್ತಲ್ಲ."

ಡಾಕ್ಟರಮ್ಮ ನಗಲಿಲ್ಲ. "ನಲವತ್ತಕ್ಕೆ ಬಂದ ಕಾಯಿಲೆಗೆ ಎಷ್ಟೋ ಸಲ ಬೀಜ ಬೀಳೋದು ಈ ವಯಸ್ಸಲ್ಲೇ. ಇವಳಿಗೆ ಇನ್ನೂ ಕಾಲ ಮೀರಿಲ್ಲ. ಈ ವರ್ಷ ತೂಕ ತುಂಬಾ ಏರಿದೆಯಾ?"

"ಇಲ್ಲ ಮೇಡಂ, ಸ್ಕರ್ಟ್ ಹೋದ ವರ್ಷದ್ದೇ..." ಬಾಯಿ ಅಭ್ಯಾಸಬಲದಿಂದ ಶುರುಮಾಡಿತು.

"ಅಪ್ಪ ಬಿಚ್ಚಿ ಬಿಚ್ಚಿ ಹೊಲೀತಾರೆ ಮೇಡಂ" ಎಂದಳು ಮಗಳು. "ಈಗ ಒಳಗೆ ಬಟ್ಟೆನೇ ಉಳಿದಿಲ್ಲ."

ಇಂಗು ತಿಂದ ಮಂಗನಂತೆ ಕೂತ ದರ್ಜಿಗೆ ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಊಟ ತಿಂಡಿ ಹಿಡಿತಕ್ಕೆ ಬರಲಿ, ಮಗು ದಿನಾ ಬೆವರುವಷ್ಟು ಆಡಲಿ, ತಿಂಗಳಿಗೊಮ್ಮೆ ತೋರಿಸಿ.

ಆಚೆ ಬಂದು ಬಸ್ಸಿಗೆ ಕೈ ಎತ್ತಿದವನ ತೋಳನ್ನು ಮಗಳು ಜಗ್ಗಿ ಇಳಿಸಿದಳು. ನಡೆದರು. ಏರು ಶುರುವಾಗಿ ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಅವನಿಗೆ ಏದುಸಿರು. ಕಾಂಪೌಂಡಿಗೆ ಒರಗಿ, "ನಿಮ್ಮಪ್ಪ ಹಳೇ ಮೆಷಿನ್ನು ಕಣಮ್ಮ" ಎಂದು ನಗಿಸಲು ಹೊರಟವನು ಪಕ್ಕಕ್ಕೆ ತಿರುಗಿ ನೋಡಿದ. ಅವಳೂ ಅವನ ಹಾಗೆಯೇ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಳು. ಅವನಿಗೆ ಭಯವಾಯಿತು.

"ಅಪ್ಪಾ, ನೀನು ಇಲ್ಲೇ ಕೂತ್ಕೋ. ನಾನು ಮೇಲಿನ ತನಕ ಹೋಗಿ ಬರ್ತೀನಿ" ಎಂದಳು ಅವಳು, ಉಸಿರು ಸರಿಹೋಗುವ ಮೊದಲೇ.

ಅವನು ಕೂರಲಿಲ್ಲ. ಅವಳ ಕೈ ಹಿಡಿದುಕೊಂಡು, "ನಿಧಾನಕ್ಕೆ ಹೋಗೋಣ" ಎಂದ.