ನ್ಯಾಮತಿಯ ಶಾಮಿಯಾನ

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನ್ಯಾಮತಿಯಿಂದ ನಾಗರತ್ನ ಎಂಬುವವರು ಫೋನ್ ಮಾಡಿದರು. "ಭಾನುವಾರ ನಮ್ಮ ಹುಡುಗನ ನಿಶ್ಚಿತಾರ್ಥ ಐತಲ್ರೀ, ಶಾಮಿಯಾನ ಹಾಕಾಕೆ ಎಷ್ಟೊತ್ತಿಗೆ ಬರ್ತೀರಿ?" ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಅಂಥದೊಂದು ನಿಶ್ಚಿತಾರ್ಥ ಇರುವುದೇ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿರುವುದು ಒಂದೇ ದೊಡ್ಡ ಶಾಮಿಯಾನ. ಅದು ಆ ಭಾನುವಾರ ಕತ್ತಲಗೆರೆಯ ಗೃಹಪ್ರವೇಶವೊಂದಕ್ಕೆ ನಿಗದಿಯಾಗಿ ತಿಂಗಳಾಗಿತ್ತು.

ತ್ಯಾವಣಿಗೆಯಲ್ಲಿ ನನ್ನದು ಇಪ್ಪತ್ತು ವರ್ಷದ ಶಾಮಿಯಾನ ಅಂಗಡಿ. ಜನವರಿಯಲ್ಲಿ ಕಂಬ ಎತ್ತುವಾಗ ಬೆನ್ನು ಹಿಡಿದುಕೊಂಡಿತು. ಆರು ತಿಂಗಳು ಭಾರ ಎತ್ತಬೇಡಿ ಎಂದರು ಡಾಕ್ಟರು. ಅಂಗಡಿ ಮಗಳು ರೂಪಶ್ರೀಯ ಕೈಗೆ ಬಂತು. ವಯಸ್ಸು ಇಪ್ಪತ್ತೆರಡು, ಬಿ.ಕಾಂ. ಮುಗಿದಿತ್ತು. ಮುಂದೇನು ಎಂದು ಕೇಳಿದರೆ "ನೋಡೋಣ" ಎನ್ನುತ್ತಿದ್ದಳು. ಬಂದ ಮೊದಲ ದಿನವೇ ನನ್ನ ಡೈರಿಯನ್ನು ಅಟ್ಟಕ್ಕೆ ಹಾಕಿದಳು. "ಇನ್ಮೇಲೆ ಎಲ್ಲ ಫೋನಲ್ಲೇ ಅಪ್ಪಾಜಿ" ಎಂದಳು. ಅದೂ ಸರಿ, ಕಾಲ ಬದಲಾಗಿದೆ ಎಂದುಕೊಂಡೆ.

ಈಗ ಕರೆದು ಕೇಳಿದರೆ ಫೋನನ್ನು ಮೇಲೆ ಕೆಳಗೆ ಸರಿಸಿ ಹುಡುಕಿದಳು. ನಾಗರತ್ನ ಅವರು ಮೂರು ವಾರದ ಹಿಂದೆ ನಾಲ್ಕು ನಿಮಿಷದ ಧ್ವನಿ ಸಂದೇಶ ಕಳಿಸಿದ್ದರು. ಇವಳು ಹೆಬ್ಬೆರಳು ಎತ್ತಿದ ಚಿತ್ರವೊಂದನ್ನು ಉತ್ತರವಾಗಿ ಹಾಕಿದ್ದಳು.

"ಪೂರ್ತಿ ಕೇಳಿದ್ಯಾ?"

"ಅರ್ಧ ನಿಮಿಷ ಕೇಳಿದೆ. ಬರೀ ಅವರ ಮೊಣಕಾಲು ನೋವಿನ ವಿಷಯ ಇತ್ತು. ತಾರೀಕು ಮೊದಲೇ ಹೇಳ್ಬೇಕಲ್ವಾ ಅವರು?"

"ಈಗ ಕೇಳು."

ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಕೇಳಿದಳು. ಮೊಣಕಾಲು ಮುಗಿಯಿತು, ಬೀಗರ ಊರು ಬಂತು, ಹುಡುಗಿಯ ಓದು ಬಂತು, ಮೂರನೇ ನಿಮಿಷಕ್ಕೆ ತಾರೀಕೂ ಬಂತು. ಕೊನೆಗೆ ಆ ತಾಯಿ, "ನಮ್ಮ ಮನೇಲಿ ಹತ್ತು ವರ್ಷದಾಗೆ ಮೊದಲನೇ ಶುಭಕಾರ್ಯ ಕಣಮ್ಮ, ನಿನ್ನೇ ನಂಬೀನಿ" ಎಂದಿದ್ದರು. ರೂಪಶ್ರೀ ಆ ಕೊನೆಯ ಮಾತನ್ನು ಇನ್ನೊಮ್ಮೆ ಹಾಕಿ ಕೇಳಿದಳು.

ಏನಾದರೂ ಸುಳ್ಳು ಹೇಳಿ ಸರಿ ಮಾಡೋಣವೆಂದು ನಾನು ಫೋನಿಗೆ ಕೈ ಹಾಕಿದೆ. ನನ್ನ ಹೆಂಡತಿ ಸರ್ವಮಂಗಳ ಅದನ್ನು ತೆಗೆದು ತನ್ನ ಹಿಂದೆ ಇಟ್ಟುಕೊಂಡಳು. "ನೀವು ಸುಮ್ನಿರ್ರಿ. ಅವಳು ಮಾಡ್ತಾಳೆ."

ಸುಮ್ಮನಿರುವುದು ಬೆನ್ನು ನೋವಿಗಿಂತ ಕಷ್ಟ ಎಂದು ಅವತ್ತು ತಿಳಿಯಿತು.

"ಅಷ್ಟು ದೊಡ್ಡ ಶಾಮಿಯಾನ ಇನ್ಯಾರತ್ರ ಐತೆ ಅಪ್ಪಾಜಿ?" ಎಂದು ರೂಪಶ್ರೀ ಕೇಳಿದಳು.

ಹೊನ್ನಾಳಿಯ ಬೆನಕಪ್ಪನ ಹತ್ತಿರ ಇತ್ತು. ಬೆನಕಪ್ಪನಿಗೂ ನನಗೂ ಎಂಟು ವರ್ಷದಿಂದ ಮಾತಿಲ್ಲ. ನನ್ನ ಶಾಮಿಯಾನ ಸೋರುತ್ತದೆ ಎಂದು ಅವನು ನಾಲ್ಕು ಊರಲ್ಲಿ ಹೇಳಿದ್ದ. ಆಗ ಸೋರುತ್ತಿತ್ತು, ಅದು ಬೇರೆ ವಿಷಯ.

"ಅವನ ಹತ್ರ ಮಾತ್ರ ಹೋಗ್ಬೇಡ" ಎಂದೆ.

"ಜಗಳ ನಿಮ್ಮದು ಅಪ್ಪಾಜಿ. ತಪ್ಪು ನಂದು" ಎಂದು ಲಗೇಜ್ ಆಟೋದ ಕೀ ತೆಗೆದುಕೊಂಡಳು.

ಗಾಳಿ ಬೇಕು ಎಂದು ನೆಪ ಹೇಳಿ ನಾನೂ ಹತ್ತಿದೆ. ಗಾಡಿಯಿಂದ ಇಳಿಯಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು. ಹೊನ್ನಾಳಿ ಬಂತು, ಬೆನಕಪ್ಪನ ಅಂಗಡಿಯ ಹಳದಿ ಬೋರ್ಡೂ ಬಂತು, ಇವಳು ನಿಲ್ಲಿಸಲಿಲ್ಲ.

"ಮೊದಲು ನಾಗರತ್ನಮ್ಮನಿಗೆ ಹೇಳ್ಬೇಕು" ಎಂದಳು. "ಬೇರೆ ಸಿಕ್ಕ ಮೇಲೆ ಹೋಗಿ ಹೇಳಿದ್ರೆ ತಪ್ಪು ಮುಚ್ಚಿದಂಗೆ ಆಗುತ್ತೆ."

ನ್ಯಾಮತಿಯಲ್ಲಿ ಆ ಮನೆಯ ಎದುರಿನ ಹುಣಸೆ ಮರದ ಕೆಳಗೆ ಗಾಡಿ ನಿಂತಿತು. ಮುಂದಿನ ಗಾಜಿನಿಂದ ನನಗೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ನಾಗರತ್ನಮ್ಮ ಮೊರ ಪಕ್ಕಕ್ಕಿಟ್ಟು ಎದ್ದು ನಿಂತರು. ಕೈ ಬೀಸಿ ಬೀಸಿ ಬೈದರು. ಒಳಗಿನಿಂದ ಇನ್ನಿಬ್ಬರು ಹೆಂಗಸರು ಬಂದು ಅವರೂ ಸೇರಿಕೊಂಡರು. ನನ್ನ ಕೈ ಎರಡು ಸಲ ಬಾಗಿಲ ಹಿಡಿಗೆ ಹೋಗಿ ವಾಪಸ್ ಬಂತು. ಮನೆಯಲ್ಲಿ ಒಂದು ಮಾತಿಗೆ ನಾಲ್ಕು ಮಾತು ಎಸೆಯುವ ಹುಡುಗಿ ಅಲ್ಲಿ ತಲೆ ತಗ್ಗಿಸದೆ, ಎದುರೂ ಆಡದೆ ನಿಂತಿದ್ದಳು. ಅವರ ಮಾತು ಮುಗಿದ ಮೇಲೆ ತಾನು ಏನೋ ಹೇಳಿದಳು.

"ಏನಂದೆ?" ಎಂದೆ, ಅವಳು ವಾಪಸ್ ಬಂದು ಕುಳಿತ ಮೇಲೆ.

"ನಾನು ಪೂರ್ತಿ ಕೇಳಿಸಿಕೊಳ್ಳದೆ ಒಪ್ಪಿಕೊಂಡೆ ಅಂದೆ. ನಾಳೆ ಸಂಜೆ ಒಳಗೆ ವ್ಯವಸ್ಥೆ ಮಾಡಿ ಹೇಳ್ತೀನಿ, ಭಾನುವಾರ ನಾನೇ ಬಂದು ನಿಂತ್ಕೊಂತೀನಿ ಅಂದೆ." ಕಣ್ಣೊರೆಸಿಕೊಂಡು ಗಾಡಿ ಚಾಲೂ ಮಾಡಿದಳು. "ತುಂಬಾ ಬೈದ್ರು ಅಪ್ಪಾಜಿ."

ವಾಪಸ್ ಬರುವಾಗ ಬೆನಕಪ್ಪನ ಅಂಗಡಿ ಮುಂದೆ ನಿಲ್ಲಿಸಿದಳು. ನಾನು ಸೀಟಿನಲ್ಲಿ ಕೆಳಕ್ಕೆ ಜಾರಿ ಕುಳಿತೆ. ಹತ್ತು ನಿಮಿಷವಾದ ಮೇಲೆ ಮಗಳು ಒಂದು ಲೋಟ ಟೀ ಹಿಡಿದು ಬಂದಳು.

"ಬೆನಕಪ್ಪ ಕೊಟ್ಟಿದ್ದು. ನಿಮ್ಮಪ್ಪ ಎಷ್ಟು ಕೆಳಗೆ ಕುಂತರೂ ತಲೆ ಕಾಣುತ್ತೆ ಅಂದ್ರು. ಬೇಡಾಂದ್ರೆ ನಾನು ಕುಡೀತೀನಿ."

ಕುಡಿದೆ. ಏಲಕ್ಕಿ ಹಾಕಿದ್ದ.

ಬೆನಕಪ್ಪನ ಹತ್ತಿರ ಶಾಮಿಯಾನ ಖಾಲಿ ಇತ್ತಂತೆ, ಆದರೆ ಆಳುಗಳಲ್ಲಿ ಇಬ್ಬರು ರಜೆ. "ಬಟ್ಟೆ ಐತೆ, ಕೈ ಇಲ್ಲ" ಎಂದನಂತೆ. ಇವಳು, "ಒಂದು ಜೊತೆ ಕೈ ನಂದು" ಎಂದಳಂತೆ. ಭಾನುವಾರ ಅವನ ತಂಡದ ಜೊತೆ ನ್ಯಾಮತಿಯಲ್ಲಿ ದುಡಿಯುವುದು, ಮುಂದಿನ ವಾರವೂ ಅವನಿಗೆ ಬೇಕಾದ ಎರಡು ದಿನ ಹೋಗುವುದು ಎಂದು ಒಪ್ಪಂದವಾಗಿತ್ತು.

ಶನಿವಾರ ಕತ್ತಲಗೆರೆಯ ಕೆಲಸವನ್ನು ನಮ್ಮ ಹಳೆಯ ಕೆಲಸಗಾರ ಹನುಮಣ್ಣ ಮುಗಿಸಿದ. ನಾನು ಕುರ್ಚಿ ಹಾಕಿಕೊಂಡು ಕುಳಿತು ಯಾರಿಗೂ ಬೇಡದ ಸಲಹೆ ಕೊಟ್ಟೆ. ಭಾನುವಾರ ಬೆಳಗಾದ ಮೇಲೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಬಸ್ಸು ಹಿಡಿದು, ಹೊನ್ನಾಳಿಯಲ್ಲಿ ಇಳಿದು ಇನ್ನೊಂದು ಹಿಡಿದು ನ್ಯಾಮತಿಗೆ ಹೋದೆ.

ಶಾಮಿಯಾನ ಎದ್ದು ನಿಂತಿತ್ತು. ಏಣಿಯ ತುದಿಯಲ್ಲಿ, ಬೆನ್ನ ಮೇಲೆ ಬೆನಕಪ್ಪನ ಅಂಗಡಿಯ ಹೆಸರಿದ್ದ ಹಳದಿ ಟೀ ಶರ್ಟು ತೊಟ್ಟು, ನನ್ನ ಮಗಳು ಅಂಚಿನ ಜಾಲರಿ ಕಟ್ಟುತ್ತಿದ್ದಳು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಮೂಲೆಯೊಂದು ಗಾಳಿಗೆ ಪಟಪಟ ಎನ್ನುತ್ತಿತ್ತು. ಜೊತೆಯವನು "ನಡೀತದೆ ಬಿಡಕ್ಕ" ಎಂದ.

"ನಡಿಯಲ್ಲ ಕಣಣ್ಣ. ಊಟದ ಹೊತ್ತಿಗೆ ಗಾಳಿ ಜಾಸ್ತಿ ಆಗುತ್ತೆ" ಎಂದು ಇಳಿದು, ಏಣಿ ಎಳೆದುಕೊಂಡು ಹೋಗಿ, ಬಿಚ್ಚಿ ಮತ್ತೆ ಕಟ್ಟಿದಳು.

ಪಕ್ಕದಲ್ಲಿ ಯಾರೋ ಕೆಮ್ಮಿದರು. ಬೆನಕಪ್ಪ. ತಲೆಗೂದಲು ನನಗಿಂತ ಹೆಚ್ಚು ಹೋಗಿತ್ತು, ಸಮಾಧಾನವಾಯಿತು.

"ಹೆಂಗೈತೆ ಬೆನ್ನು, ಗುರುಬಸವರಾಜ್?"

"ಐತೆ."

"ಹುಡುಗಿ ನಿನ್ನಂಗೇ ಗಂಟು ಹಾಕ್ತಾಳಪ್ಪ. ಸಾಯಂಕಾಲ ಬಿಚ್ಚಾಕೆ ನಮಗೆ ಪ್ರಾಣ ಹೋಗುತ್ತೆ."

"ಅವಳ ಕೈಲೇ ಬಿಚ್ಚಿಸು" ಎಂದೆ. ಅವನು ನಕ್ಕ. ಎಂಟು ವರ್ಷದ ಮೇಲೆ ಇಷ್ಟು ಸಾಕು ಎಂಬಂತೆ ಇಬ್ಬರೂ ಶಾಮಿಯಾನದ ಕಡೆ ನೋಡುತ್ತಾ ನಿಂತೆವು.

ಮಧ್ಯಾಹ್ನ ನಾಗರತ್ನಮ್ಮ ರೂಪಶ್ರೀಯ ಕೈ ಹಿಡಿದು ಎಳೆದುಕೊಂಡು ಹೋಗಿ ಬೀಗರ ಪಂಕ್ತಿಯಲ್ಲೇ ಕೂರಿಸಿದರು. ಬೈದಷ್ಟೇ ಜೋರಾಗಿ ಹೋಳಿಗೆ ಬಡಿಸಿದರು. ಊಟವಾದ ಮೇಲೆ ಅವಳು ನನ್ನನ್ನು ನೋಡಿದಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

"ಕಾಯ್ಬೇಡ್ರಿ ಅಪ್ಪಾಜಿ. ಎಲ್ಲ ಬಿಚ್ಚಿ, ಗಾಡಿಗೆ ತುಂಬಿ, ಹೊನ್ನಾಳಿಗೆ ಇಳಿಸಿ ಬರಾಕೆ ತಡ ಆಗುತ್ತೆ."

"ನಿನಗೆ ಸುಸ್ತಾಗಿಲ್ವಾ?"

"ಆಗೈತೆ" ಎಂದು ಕೈ ತೊಳೆಯಲು ಹೋದಳು.

ಮೂರು ಗಂಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಯಾವ ಕಡೆ ಹೋಗಿದ್ದಿರಿ, ಮದುವೆಯೇನಾದರೂ ಇತ್ತೇ ಎಂದು ವಿಚಾರಿಸಿದರು.

"ಇಲ್ಲ" ಎಂದೆ. "ಮಗಳು ಕೆಲಸದಾಗೆ ಅದಾಳೆ. ನೋಡ್ಕೊಂಡು ಬಂದೆ."