ಎದ್ದ ಬಟ್ಟೆ

“ಇನ್ನೊಂಚೂರು ಈ ಕಡೆ ತಳ್ಳಿ, ವೈರು ಸಾಲ್ತಿಲ್ಲ,” ಎನ್ನುತ್ತ ಪಕ್ಕದ ಅಂಗಡಿಯ ದರ್ಜಿ ಮೊಣಕಾಲೂರಿ ಮೇಜಿನಡಿಗೆ ಕೈ ಚಾಚಿದ. ಗಂಡಸರೆಲ್ಲ ಸೇರಿ ತಂಪುಪೆಟ್ಟಿಗೆಯನ್ನು ಗೋಡೆಯತ್ತ ಸರಿಸಿದರು. ಒಳಗೆ ಅಪ್ಪ ಮಲಗಿದ್ದ. ದರ್ಜಿ ಅಲ್ಲಿದ್ದ ಯಾವುದೋ ಪ್ಲಗ್ಗನ್ನು ಕಿತ್ತು ಇದನ್ನು ಸಿಕ್ಕಿಸಿದ. ಪೆಟ್ಟಿಗೆ ಸಣ್ಣಗೆ ನಡುಗಿ ಉಸಿರಾಡತೊಡಗಿತು.

ಮನೆ ಇರುವುದು ಮಹಡಿಯಲ್ಲಿ. ಮೆಟ್ಟಿಲು ಇಕ್ಕಟ್ಟು, ಪೆಟ್ಟಿಗೆ ತಿರುಗಲಿಲ್ಲ. ಹಾಗಾಗಿ ಅಪ್ಪ, ಬದುಕಿನ ಬಹುಪಾಲು ನಿಂತೇ ಕಳೆದ ಕೋಣೆಯಲ್ಲಿ ಮಲಗಿಕೊಂಡು ಬಂದವರನ್ನು ಬರಮಾಡಿಕೊಳ್ಳಬೇಕಾಯಿತು. ಕೃತಕ ಕಾಲು ಮಾಡುವ ಕಾರ್ಖಾನೆ ಅದು. ಕಾರ್ಖಾನೆ ಅನ್ನುವುದು ಬಾಗಿಲ ಮೇಲಿನ ಬೋರ್ಡಿನ ದೊಡ್ಡಸ್ತಿಕೆ. ಇದ್ದದ್ದು ಅಪ್ಪ, ಮಗಳು, ಒಂದು ಓವನ್, ಒಂದೆರಡು ಮೇಜು. ಗೋಡೆಯ ಹಲಗೆಗಳ ಮೇಲೆ ಮೊಂಡುಗಾಲುಗಳ ಬಿಳಿ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ನಿಂತಿದ್ದವು. ಪೂರ್ತಿ ಮನುಷ್ಯರಾಗುವ ಮೊದಲೇ ಅವಸರದಲ್ಲಿ ಅಪ್ಪನನ್ನು ನೋಡಲು ಬಂದವರಂತೆ ಅವು ಬೆಳಗಿನ ಮಬ್ಬಿನಲ್ಲಿ ಮಗಳಿಗೆ ಕಂಡವು.

ಒಂದು ಅಚ್ಚು ಮಾತ್ರ ಮೇಜಿನ ಮೇಲಿತ್ತು. ಚಿಕ್ಕಪ್ಪನದು. ಅವನ ಹಳೆಯ ಕಾಲಿನ ಬಟ್ಟಲು, ಮೊಂಡುಗಾಲು ಕೂರುವ ಜಾಗ, ಬಿರುಕು ಬಿಟ್ಟಿತ್ತು. ಹೊಸದನ್ನು ಇದೇ ವಾರ ಮಾಡುವುದೆಂದಾಗಿತ್ತು.

ಚಿಕ್ಕಪ್ಪ ಊರುಗೋಲುಗಳ ಮೇಲೆ ಬಂದ. ಪ್ಯಾಂಟಿನ ಒಂದು ಕಾಲನ್ನು ಮಡಿಚಿ ಪಿನ್ನು ಹಾಕಿದ್ದ. ಪೆಟ್ಟಿಗೆಯ ಗಾಜಿನ ಮೇಲೆ ಅಂಗೈ ಇಟ್ಟ.

“ಅಣ್ಣನ ಹಿಂದೆ ನಾಲ್ಕು ಹೆಜ್ಜೆ ನಡೀಬೇಕಿತ್ತು,” ಎಂದ.

“ಕಾರಲ್ಲಿ ಬಾರೋ, ಅವನೇನು ಬೇಜಾರು ಮಾಡ್ಕೊಳಲ್ಲ,” ಎಂದಳು ಅತ್ತೆ, ಇಬ್ಬರಿಗೂ ಹಿರಿಯಕ್ಕ. “ನಿನ್ನ ಕಾಲಿಗೋಸ್ಕರ ಈ ಕೆಲಸ ಕಲಿತವನು. ನಿನ್ನನ್ನೇ ಕಾಯಿಸಿಟ್ಟು ಹೊರಟ ನೋಡು.”

“ಇನ್ನು ಕಾಲು ಯಾಕಕ್ಕ? ಈ ಕೋಲುಗಳೇ ಸಾಕು. ಅಣ್ಣ ಮಾಡಿದ್ದು ಬಿಟ್ಟು ಬೇರೆಯವರದ್ದು ಹಾಕ್ಕೊಂಡವನೇ ಅಲ್ಲ ನಾನು.”

“ನಾನಿದೀನಲ್ಲ ಚಿಕ್ಕಪ್ಪ,” ಎಂದಳು ಮಗಳು.

ಅವನು ಅವಳತ್ತ ನೋಡಿದ. ಊರುಗೋಲುಗಳನ್ನು ಮೂಲೆಯ ಸ್ಟೂಲಿನತ್ತ ತಿರುಗಿಸಿದ.

*

ಕಾಲಿನ ಬಟ್ಟಲು ಮಾಡುವ ಕಾರ್ಬನ್ ಬಟ್ಟೆ ಎರಡು ಬಗೆಯಲ್ಲಿ ಸಿಗುತ್ತದೆ. ಒಣ ಬಟ್ಟೆ ಬರೀ ನೂಲು. ಅಚ್ಚಿನ ಮೇಲೆ ಅದನ್ನು ಹೊದಿಸಿ, ಬ್ರಷ್ಷಿನಿಂದ ರೆಸಿನ್, ಅಂದರೆ ಆಮೇಲೆ ಗಟ್ಟಿಯಾಗುವ ಅಂಟು, ಕುಡಿಸಬೇಕು. ಇನ್ನೊಂದಕ್ಕೆ ರೆಸಿನ್ ಮೊದಲೇ ಹಚ್ಚಿರುತ್ತದೆ. ಪ್ರಿಪ್ರೆಗ್ ಎಂದು ಕಂಪನಿಯವರು ಹೇಳುವ ಇದಕ್ಕೆ ಅಪ್ಪನ ಬಾಯಲ್ಲಿ ಅಂಟುಬಟ್ಟೆ ಎಂದು ಹೆಸರು. ಅದು ಫ್ರೀಜರಿನಲ್ಲೇ ಇರಬೇಕು, ಓವನ್ನಿನಲ್ಲೇ ಗಟ್ಟಿಯಾಗಬೇಕು.

“ಒಣ ಬಟ್ಟೆ ನೀನು ಸುರಿದಷ್ಟೂ ಕುಡಿಯುತ್ತೆ ಅಪ್ಪ,” ಎಂದು ಮಗಳು ವರ್ಷಗಟ್ಟಲೆ ವಾದಿಸಿದ್ದಳು. “ಕಾಲು ಭಾರ ಆಗುತ್ತೆ. ಅಂಟುಬಟ್ಟೆ ಆದರೆ ಅಳತೆ ಮಾಡಿ ಕುಡಿಸಿಯೇ ಕಳಿಸಿರ್ತಾರೆ.”

“ಕುಡಿದು ಬಂದವರನ್ನ ನಾನು ಒಳಗೆ ಸೇರಿಸಲ್ಲಮ್ಮ.”

“ತಮಾಷೆ ಬಿಡು.”

“ತಮಾಷೆ ಅಲ್ಲ. ಒಣ ಬಟ್ಟೆ ಕಾಯುತ್ತೆ. ಕಪಾಟಲ್ಲಿಟ್ಟು ಮರೆತರೂ ಮುನಿಸಿಲ್ಲ. ಅಂಟುಬಟ್ಟೆ ಫ್ರೀಜರಲ್ಲಿ ನಿದ್ದೆ ಮಾಡ್ತಿರುತ್ತೆ. ಹೊರಗೆ ತೆಗೆದಾಗೆಲ್ಲ ಅದರ ನಿದ್ದೆ ಒಂದಿಷ್ಟು ಖರ್ಚು. ಒಂದು ದಿನ ಪೂರ್ತಿ ಎದ್ದುಬಿಡುತ್ತೆ. ಆಮೇಲೆ ಮಲಗಿಸಿದರೂ ಮಲಗಲ್ಲ, ಆಗಲೇ ಬಳಸದಿದ್ದರೆ ದಂಡ.”

ಹೀಗೆನ್ನುತ್ತಿದ್ದ ಅಪ್ಪನೇ ಒಂದು ಬೆಳಿಗ್ಗೆ ಸೆಕೆಂಡ್‌ಹ್ಯಾಂಡ್ ಫ್ರೀಜರೊಂದನ್ನು ಆಟೋದಲ್ಲಿ ತಂದಿಳಿಸಿದ.

“ಗೆದ್ದೆ ಬಿಡು ನೀನು,” ಎಂದ.

ಗೆದ್ದ ಖುಷಿಯಲ್ಲಿ ಅವಳು ಅವನ ಮುಖ ನೋಡಲಿಲ್ಲ. ಬ್ರಷ್ಷುಗಳನ್ನೆಲ್ಲ ತೊಳೆದು, ಒರೆಸಿ, ಅಪ್ಪ ಡಬ್ಬಿಯೊಂದಕ್ಕೆ ತುಂಬುತ್ತಿದ್ದ.

*

ಸ್ಮಶಾನದಿಂದ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಖಾಲಿ ತಂಪುಪೆಟ್ಟಿಗೆಯನ್ನು ಯಾರೂ ಆರಿಸಿರಲಿಲ್ಲ. ಅದು ಯಾರಿಗೂ ಅಲ್ಲದ ತಂಪನ್ನು ಊದುತ್ತಲೇ ಇತ್ತು. ಆದರೂ ಕೋಣೆಯಲ್ಲಿ ಏನೋ ಒಂದು ಸದ್ದು ಕಡಿಮೆಯಾಗಿತ್ತು. ಅಪ್ಪನಿಲ್ಲದ ಮೌನ ಇರಬೇಕು ಅಂದುಕೊಂಡಳು ಮಗಳು. ಅದರೊಳಗೆ ನೀರಿನೊಳಗೆ ನಡೆದಂತೆ ನಡೆದು ಮೇಜಿನವರೆಗೆ ಬಂದಳು. ಕಾಲಿಗೆ ಏನೋ ತೊಡರಿತು. ಫ್ರೀಜರಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

ಮುಚ್ಚಳ ತೆಗೆದಳು. ಅಂಟುಬಟ್ಟೆಯ ಸುರುಳಿಯ ಕೊನೆಯ ತುಂಡು, ಹಲವು ಸಲ ಹೊರಬಂದು ಹೋಗಿ ದಣಿದದ್ದು, ಮೆತ್ತಗಾಗಿತ್ತು. ಸುತ್ತಿದ್ದ ಪ್ಲಾಸ್ಟಿಕ್ಕಿನ ಮೇಲಿನ ಹನಿಗಳೂ ಆಗಲೇ ಆರಿದ್ದವು.

“ಅಯ್ಯೋ, ನಾನೇ ಕಿತ್ತಿದ್ದು,” ಎಂದ ಬಾಗಿಲಲ್ಲಿದ್ದ ದರ್ಜಿ, ಕೈ ಹಿಸುಕಿಕೊಳ್ಳುತ್ತ. “ಹಾಳಾಯ್ತಾ?”

“ಎದ್ದಿದೆ. ಇವತ್ತು ಹಾಕಿದರೆ ಬರುತ್ತೆ. ನಾಳೆಗೆ ನಂಬೋ ಹಾಗಿಲ್ಲ.”

“ಇವತ್ತಾ?” ಅತ್ತೆಯ ದನಿ ಏರಿತು. “ಅಪ್ಪನ್ನ ಕಳಿಸಿ ಬಂದ ಕೈಯಲ್ಲಿ? ನಾಲ್ಕು ಜನ ಏನಂತಾರೆ?”

“ಇಲ್ಲ ಅತ್ತೆ. ಹೋಗಲಿ ಬಿಡು ಇದು. ಒಣ ಬಟ್ಟೆ ಇದೆಯಲ್ಲ, ಅಪ್ಪನಿಗೆ ಇಷ್ಟವಾದದ್ದು ಅದೇ. ಸುಮ್ಮನೆ ನನ್ನ ಹಟಕ್ಕೆ ಸೋತ. ಸ್ವಲ್ಪ ದಿನ ಕಳೀಲಿ, ಅವನ ಥರವೇ ಮಾಡ್ತೀನಿ.”

ಚಿಕ್ಕಪ್ಪ ಮೂಲೆಯ ಸ್ಟೂಲಿನಿಂದ ನೆಲ ನೋಡುತ್ತಲೇ ತಲೆಯಾಡಿಸಿದ. ಆ ಸ್ವಲ್ಪ ದಿನ ಎಂದೂ ಮುಗಿಯುವುದಿಲ್ಲವೆಂದು ಅವನಿಗೆ ಆಗಲೇ ತಿಳಿದಂತಿತ್ತು. ಊರುಗೋಲು ಎಳೆದುಕೊಂಡು ಏಳಲು ನೋಡಿದ.

“ಹಟಕ್ಕೆ ಸೋತಿದ್ದಲ್ಲಮ್ಮ ಅವರು,” ಎಂದ ದರ್ಜಿ.

ಎಲ್ಲರೂ ತಿರುಗಿದರು. ದರ್ಜಿ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ.

“ಕೈ ನಡುಗ್ತಿತ್ತು. ಫ್ರೀಜರು ತರೋಕೆ ಮುಂಚಿಂದಲೇ. ಬ್ರಷ್ಷು ಹಿಡಿದರೆ ಒಂದು ಕಡೆ ರೆಸಿನ್ ಮಡು, ಇನ್ನೊಂದು ಕಡೆ ಬರಗಾಲ. ಕತ್ತರಿನೂ ಆಗ್ತಿರಲಿಲ್ಲ. ನೀವು ಊಟಕ್ಕೆ ಮೇಲೆ ಹೋದಾಗ ಬಟ್ಟೆ ತಂದು ನನ್ನ ಹತ್ರ ಕತ್ತರಿಸಿಕೊಂಡು ಹೋಗ್ತಿದ್ರು. ‘ನೀನು ಪ್ಯಾಂಟು ಹೊಲೀತೀಯ, ಒಳಗಿನ ಕಾಲನ್ನೂ ಹೊಲಿ’ ಅಂತಿದ್ರು. ನನ್ನ ಒಳ್ಳೊಳ್ಳೆ ಕತ್ತರಿ ಎಲ್ಲ ಮೊಂಡಾಗಿ ಹೋದ್ವು.” ಅವನು ನಗಲು ಹೋಗಿ ಕೆಮ್ಮಿದ. “ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿದ್ರು.”

ಅಪ್ಪ ಕತ್ತರಿಸಿದ ಅಂಚುಗಳು ವಯಸ್ಸಾದಷ್ಟೂ ನೇರವಾಗುತ್ತಿವೆ ಎಂದು ಅವಳು ಹೆಮ್ಮೆಪಟ್ಟಿದ್ದಳು. ಅದನ್ನು ಅವನೆದುರೇ ಹೇಳಿದ್ದಳು ಕೂಡ. ಅಪ್ಪ ಆಗ ಕೈಗಳನ್ನು ಜೇಬಿಗಿಳಿಸಿ ನಕ್ಕಿದ್ದ.

ಅಮ್ಮ ಬೆಳಗಿನಿಂದ ಮಹಡಿಯ ಮೆಟ್ಟಿಲು ಬಿಟ್ಟು ಎದ್ದಿರಲಿಲ್ಲ. ಈಗ ಕೂತಲ್ಲಿಂದಲೇ ಹೇಳಿದಳು, “ಲೋಟ ಹಿಡಿದಾಗ ಗೊತ್ತಾಗ್ತಿತ್ತು ನನಗೆ. ಕೇಳಿದರೆ, ಕಾಫಿ ಬಿಸಿ ಅಂತಿದ್ರು.”

ಮಗಳು ತನ್ನ ಕೈಗಳನ್ನು ಮುಂದೆ ಚಾಚಿದಳು. ಅವೂ ನಡುಗುತ್ತಿದ್ದವು. ಬ್ರಷ್ಷಿಗೆ ಈ ಕೈ ನಡೆಯುವುದಿಲ್ಲ. ಹೀಗೊಂದು ಕೈ ಬರುತ್ತದೆಂದು ತಿಳಿದೇ ಯಾರೋ ಈ ಬಟ್ಟೆಗೆ ಅಳತೆಯಾಗಿ ಕುಡಿಸಿ ಮಲಗಿಸಿಟ್ಟಂತಿತ್ತು.

“ಚಿಕ್ಕಪ್ಪ, ಕೂತ್ಕೋ. ಎಲ್ಲಿಗೂ ಹೋಗಬೇಡ.”

“ಏನೇ ಇದು?” ಎಂದಳು ಅತ್ತೆ.

“ಮಾಡಲಿ ಬಿಡಿ ಅತ್ತಿಗೆ,” ಎಂದಳು ಅಮ್ಮ. “ಎದ್ದ ಬಟ್ಟೆನ ಹಾಗೇ ಬಿಟ್ಟು ಅವರೆಂದಾದರೂ ಮಲಗಿದ್ದುಂಟಾ?”

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, ಬೀದಿಯ ಬಾಗಿಲನ್ನು ಮುಂದಕ್ಕೆ ಎಳೆದು ಮುಚ್ಚಿದಳು.

ದರ್ಜಿ ತನ್ನ ಕತ್ತರಿ ತಂದು ಕತ್ತರಿಸಿದ. ಮಗಳು ತುಂಡುಗಳ ಹಿಂದಿನ ಕಾಗದ ಸುಲಿದು ಒಂದೊಂದನ್ನೇ ಅಚ್ಚಿನ ಮೇಲಿಟ್ಟಳು. ಅಂಗೈಯ ಬಿಸಿಗೆ ಕಪ್ಪು ಬಟ್ಟೆ ಮಿದುವಾಗಿ ಬಿಳಿ ಪ್ಲಾಸ್ಟರಿಗೆ ಅಂಟಿಕೊಂಡಿತು. ಕೈ ನಡುಗುತ್ತಲೇ ಇತ್ತು. ಬಟ್ಟೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪ ಸ್ಟೂಲನ್ನು ಹತ್ತಿರ ಎಳೆದುಕೊಂಡ. ಆಮೇಲೆ, ಯಾರೂ ಕೇಳದೆಯೇ, ಅಚ್ಚಿನ ತುದಿಯನ್ನು ಎರಡೂ ಕೈಯಿಂದ ಹಿಡಿದು ಕೂತ. ತನ್ನದೇ ಕಾಲನ್ನು ಯಾರೋ ನಿಧಾನವಾಗಿ ಸುತ್ತುತ್ತಿರುವುದನ್ನು ಕನಸಿನಲ್ಲಿ ನೋಡುವವನಂತೆ ನೋಡುತ್ತಿದ್ದ.

ಬಟ್ಟೆ ಬಿಗಿಯಾಗಿ ಕೂರಲು ಮೇಲೆ ಪ್ಲಾಸ್ಟಿಕ್ ಚೀಲ ತೊಡಿಸಿ, ಪಂಪಿನಿಂದ ಗಾಳಿ ಹೀರಿ, ಮಗಳು ಅಚ್ಚನ್ನು ಓವನ್ನಿನೊಳಗೆ ನಿಲ್ಲಿಸಿದಳು. ಇನ್ನು ಓವನ್ನಿಗೆ ಕರೆಂಟು ಬೇಕಿತ್ತು. ಚಿಕ್ಕಪ್ಪ ಊರುಗೋಲಿನ ತುದಿಯಿಂದ ಮೇಜಿನಡಿ ತಡಕಿ, ಬಗ್ಗಿ, ಖಾಲಿ ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತ. ಪೆಟ್ಟಿಗೆಯ ಉಸಿರು ನಿಂತಿತು. ಅದೇ ಜಾಗಕ್ಕೆ ಓವನ್ನಿನದನ್ನು ಸಿಕ್ಕಿಸಿದ.

ಓವನ್ನಿನೊಳಗೆ ಹಳದಿ ದೀಪ ಹತ್ತಿತು. ಆರಿದ ಪೆಟ್ಟಿಗೆಯ ಗಾಜಿನ ಮೇಲೆ ಆ ಬೆಳಕು ಬಿತ್ತು. ಬೆಳಿಗ್ಗೆ ಅಪ್ಪ ಮಲಗಿದ್ದ ಕಡೆಯಲ್ಲೇ, ಓವನ್ನಿನೊಳಗಿನ ಕಪ್ಪು ಕಾಲಿನ ಬಿಂಬ ನೆಟ್ಟಗೆ ನಿಂತಿತ್ತು.