ಎಷ್ಟು ಸಲ ದಾಟಬಹುದು

ವಿಶ್ವವಿದ್ಯಾಲಯದ ದೊಡ್ಡ ಗೇಟಿನ ಎದುರು, ರಸ್ತೆಯ ಆಚೆ ಬದಿಯಲ್ಲಿ, ಬೈಂಡರಮ್ಮನ ಅಂಗಡಿ. ಗಂಡ ಶುರು ಮಾಡಿದ್ದು. ಆತ ಹೋದ ಮೇಲೆ ಹದಿನೇಳು ವರ್ಷಗಳಿಂದ ಇವರೊಬ್ಬರೇ ನಡೆಸುತ್ತಿದ್ದರು. ಸಂಶೋಧನೆ ಮುಗಿಸಿದ ಹುಡುಗ ಹುಡುಗಿಯರು ಹಾಳೆಗಳ ಕಟ್ಟು ಹೊತ್ತು ಬರುತ್ತಿದ್ದರು. ಬೈಂಡರಮ್ಮ ಅದಕ್ಕೆ ಹೊಲಿಗೆ ಹಾಕಿ, ರಟ್ಟು ಕಟ್ಟಿ, ಬೆನ್ನಿನ ಮೇಲೆ ಹೊಂಬಣ್ಣದ ಅಕ್ಷರ ಒತ್ತಿ ಕೊಡುತ್ತಿದ್ದರು.

ಅಂಗಡಿಯ ಒಳಗೆ, ಕಿಟಕಿಗೆ ಹತ್ತಿರದ ಮೇಜು ಪ್ರೂಫ್ ಮೇಷ್ಟ್ರದು. ಶಾಲೆಯಿಂದ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಾಗದೆ, ಅರವತ್ತೊಂಬತ್ತರ ವಯಸ್ಸಿನಲ್ಲಿ ದಿನಾ ಸೈಕಲ್ ತುಳಿದುಕೊಂಡು ಬಂದು ಹಾಳೆಗಳಲ್ಲಿ ತಪ್ಪು ಹುಡುಕುತ್ತಿದ್ದರು. "ಡಾಕ್ಟರ್ ಆಗೋಕೆ ಹೊರಟಿದಾನೆ, ಇನ್ನೂ ಅಲ್ಪಪ್ರಾಣ ಯಾವ್ದು ಮಹಾಪ್ರಾಣ ಯಾವ್ದು ಗೊತ್ತಿಲ್ಲ" ಎಂದು ಗೊಣಗುವುದು, ಕೆಂಪು ಶಾಯಿಯಲ್ಲಿ ಸುತ್ತು ಹಾಕುವುದು, ಇದೇ ಅವರ ದಿನಚರಿ.

ಆ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ, ತಿದ್ದಿದ ಅಧ್ಯಾಯವೊಂದನ್ನು ವಿದ್ಯಾರ್ಥಿಗೆ ತಲುಪಿಸಲು ಮೇಷ್ಟ್ರು ಗೇಟಿನ ಕಡೆ ಹೊರಟರು. ಸೈಕಲ್ ಏರಿರಲಿಲ್ಲ, ತಳ್ಳಿಕೊಂಡೇ ಹೋಗುತ್ತಿದ್ದರು. ಬೈಂಡರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಬ್ರೇಕಿನ ಕಿರುಚಾಟ ಕೇಳಿತು, ಅದರ ಬೆನ್ನಿಗೇ ದಢ್ ಎಂಬ ಸದ್ದು. ಸೂಜಿ ಬೆರಳಲ್ಲಿ ಇದ್ದಂತೆಯೇ ಹೊರಗೆ ಓಡಿದರು.

ಮೇಷ್ಟ್ರು ರಸ್ತೆಯ ಮಧ್ಯೆ ಮಗ್ಗುಲಾಗಿ ಬಿದ್ದಿದ್ದರು. ಅವರ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಬೆಳ್ಳಿ ಬಣ್ಣದ ಕಾರಿನವನು ಬಾಗಿಲು ತೆರೆದು ನಿಂತು ಫೋನಿನಲ್ಲಿ ಯಾರಿಗೋ ತನ್ನದೇನೂ ತಪ್ಪಿಲ್ಲವೆಂದು ಹೇಳುತ್ತಿದ್ದ. ಹಾಳೆಗಳು ಹಾರಿ ಹಾರಿ ಬೇರೆ ಗಾಡಿಗಳ ಚಕ್ರಕ್ಕೆ ಸಿಕ್ಕುತ್ತಿದ್ದವು.

"ಮೇಷ್ಟ್ರೇ, ಅಲ್ಲಾಡಬೇಡಿ. ಆಂಬುಲೆನ್ಸ್ ಬರ್ತಿದೆ."

"ಹಾಳೆ ಎತ್ತಿಕೊಳ್ಳಮ್ಮ," ಎಂದರು ಮೇಷ್ಟ್ರು ಹಲ್ಲು ಕಚ್ಚಿ. "ಆ ಪುಣ್ಯಾತ್ಮ ಪುಟಸಂಖ್ಯೆ ಹಾಕಿಲ್ಲ."

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಕೋಲು ಹಿಡಿದು ನಡೆಯಬಹುದು, ಸೈಕಲ್ಲಿನ ಆಸೆ ಬಿಡಿ ಎಂದರು ವೈದ್ಯರು.

ಮೂರನೇ ದಿನ ಟ್ರಾಫಿಕ್ ಪೊಲೀಸಪ್ಪ ಒಂದು ಕಾಗದ ಹಿಡಿದುಕೊಂಡು ಅಂಗಡಿಗೆ ಬಂದ. ಸಾಕ್ಷಿಯಾಗಿ ಬೈಂಡರಮ್ಮನ ಸಹಿ ಬೇಕಿತ್ತು. ಎಲ್ಲಿ ಸಹಿ ಎಂದು ಅವನು ಬೆರಳಿಟ್ಟು ತೋರಿಸಿದರೂ ಅವರು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದರು. ದಾಟಲು ಅವಕಾಶವಿಲ್ಲದ ಕಡೆ ವೃದ್ಧರು ಅಜಾಗರೂಕತೆಯಿಂದ ರಸ್ತೆ ದಾಟುತ್ತಿದ್ದ ಕಾರಣ ಅಪಘಾತ ಸಂಭವಿಸಿದೆ ಎಂದಿತ್ತು.

"ಇದು ಸುಳ್ಳು. ಇಲ್ಲಿ ಜೀಬ್ರಾ ಪಟ್ಟೆ ಇತ್ತು."

"ಈಗಿಲ್ವಲ್ಲಮ್ಮ."

"ಎರಡು ವರ್ಷದ ಹಿಂದೆ ಟಾರು ಹಾಕಿದಾಗ ಅದರ ಮೇಲೇ ಹಾಕಿದ್ರು. ಆಮೇಲೆ ಪಟ್ಟೆ ಬಳೀಲಿಲ್ಲ. ಅವರು ಬಳೀದೆ ಇದ್ದಿದ್ದು ಮೇಷ್ಟ್ರ ತಪ್ಪಾ?"

"ಅದೆಲ್ಲ ನಂಗೊತ್ತಿಲ್ಲ. ಸಹಿ ಹಾಕಿ, ಇನ್ನೂ ನಾಲ್ಕು ಕಡೆ ಹೋಗೋದಿದೆ ನಂಗೆ."

"ಹೋಗಿ ಬನ್ನಿ," ಎಂದು ಕಾಗದ ಹಿಂದಕ್ಕೆ ಕೊಟ್ಟು ಬೈಂಡರಮ್ಮ ಹೊಲಿಗೆಗೆ ಕೂತರು.

ಭಾನುವಾರ ಮಗಳು, ಅಳಿಯ ಕಂದನೊಂದಿಗೆ ಊಟಕ್ಕೆ ಬಂದರು. ಅಳಿಯ ರಸ್ತೆ ಇಲಾಖೆಯಲ್ಲಿ ಎಂಜಿನಿಯರ್. ಒಳ್ಳೆಯವನೇ, ಅತ್ತೆಯ ಎದುರು ದನಿ ಎತ್ತಿದವನಲ್ಲ. ಮೇಷ್ಟ್ರ ಸುದ್ದಿ ಬಂದಾಗ ಸಮಾಧಾನ ಮಾಡಲೆಂದೇ ಹೇಳಿದ, "ನೀವು ತಲೆ ಕೆಡಿಸ್ಕೋಬೇಡಿ ಅತ್ತೆ. ಅಲ್ಲಿ ಸ್ಕೈವಾಕ್ ಬರ್ತಿದೆ. ನಕ್ಷೆ ಮಾಡಿದ್ದೇ ನಾನು."

"ಎಷ್ಟು ಮೆಟ್ಟಿಲು?"

"ಹತ್ತೋಕೆ ನಲವತ್ತಾರು, ಇಳಿಯೋಕೆ ನಲವತ್ತಾರು."

"ಸೈಕಲ್ಲು?"

"ಮೆಟ್ಟಿಲ ಪಕ್ಕ ಸಣ್ಣ ಕಾಲುವೆ ಥರ ಬಿಟ್ಟಿರ್ತೀವಿ. ಚಕ್ರ ಅದರಲ್ಲಿಟ್ಟು ತಳ್ಕೊಂಡು ಹೋಗ್ಬಹುದು."

"ಕೋಲು ಹಿಡ್ಕೊಂಡು ಬರೋರು?"

"ಲಿಫ್ಟು ಎರಡನೇ ಹಂತದಲ್ಲಿ…" ಎಂದ ಅಳಿಯ ತಟ್ಟೆಯ ಕಡೆ ನೋಡುತ್ತ. "ಮುಂದಿನ ತಿಂಗಳು ರಸ್ತೆ ಮಧ್ಯ ಕಬ್ಬಿಣದ ಬೇಲಿ ಹಾಕ್ತೀವಿ. ಆಮೇಲೆ ಕೆಳಗೆ ದಾಟೋ ಪ್ರಶ್ನೆಯೇ ಬರಲ್ಲ."

"ಅಂದ್ರೆ ಕಾರಿನವರು ಪೆಡಲ್ ಮೇಲಿಂದ ಕಾಲು ಎತ್ತಬಾರದು ಅಂತ ನಾವು ಮೂರು ಮಹಡಿ ಹತ್ತಿಳೀಬೇಕು. ಅಲ್ವಾ?"

ಮಗಳು ತಕ್ಷಣ ಸೌಟು ಎತ್ತಿದಳು. "ಅಮ್ಮ, ಇನ್ನೊಂಚೂರು ಬಡಿಸ್ಲಾ?"

ಮಾರನೇ ದಿನ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಬೈಂಡರಮ್ಮ ಅಂಟಿನ ಡಬ್ಬಕ್ಕೆ ಮುಚ್ಚಳ ಹಾಕಿದರು. ಸೈಕಲ್ ರಿಪೇರಿಯವನು ಮೇಷ್ಟ್ರ ಸೈಕಲ್ಲಿನ ಸೊಟ್ಟಗಾದ ಮುಂದಿನ ಚಕ್ರ ಸರಿಮಾಡಿ ಅಂಗಡಿಯ ಗೋಡೆಗೆ ಒರಗಿಸಿಟ್ಟಿದ್ದ. ಅದನ್ನು ತಳ್ಳಿಕೊಂಡು ಅವರು ರಸ್ತೆಗೆ ಇಳಿದರು. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಮುಂದಕ್ಕೆ ಚಾಚಿ, ಬರುವ ಚಾಲಕರ ಮುಖವನ್ನೇ ನೋಡುತ್ತ, ನಿಧಾನವಾಗಿ ನಡೆದರು. ಬಸ್ಸೊಂದು ಉಸ್ಸೆಂದು ನಿಂತಿತು. ಎರಡು ಬೈಕುಗಳು ಹಿಂದೆ ಮುಂದೆ ಸುಳಿದು ಹೋದವು. ಗೇಟು ಮುಟ್ಟಿದರು. ಸೈಕಲ್ ತಿರುಗಿಸಿದರು. ವಾಪಸು ದಾಟಿದರು. ಮತ್ತೆ ತಿರುಗಿದರು.

ಐದನೇ ಸಲಕ್ಕೆ ಕಾರಿನವನೊಬ್ಬ ಕಿಟಕಿ ಇಳಿಸಿ ಕೂಗಿದ, "ಸಾಯೋಕೆ ನನ್ನ ಗಾಡಿನೇ ಬೇಕಿತ್ತಾ?"

"ಬದುಕೋಕೇ ದಾಟ್ತಿರೋದು ಕಣಪ್ಪ. ನೀನು ಬ್ರೇಕ್ ಒತ್ತಿದೆಯಲ್ಲ, ನೋಡು, ಇಬ್ಬರೂ ಚೆನ್ನಾಗಿದೀವಿ."

ಒಂಬತ್ತೂವರೆಯವರೆಗೆ ಹದಿನಾಲ್ಕು ಸಲ ದಾಟಿ ಅಂಗಡಿಗೆ ಬಂದರು. ಒಂದು ಚೊಂಬು ನೀರು ಗಟಗಟ ಕುಡಿದರು. ಅರ್ಧ ಗಂಟೆ ಕಳೆದ ಮೇಲೆಯೇ ಸೂಜಿ ಕೈಗೆತ್ತಿಕೊಂಡರು. ಭಯವಾಗಿತ್ತು, ಸುಳ್ಳಲ್ಲ. ಆದರೆ ನಾಳೆ ಹೋಗುವುದಿಲ್ಲ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಎರಡನೇ ದಿನ ಗ್ರಂಥಾಲಯದಲ್ಲಿ ಕಸ ಗುಡಿಸುವ ಅಕ್ಕ ಜೊತೆಗೂಡಿದಳು. "ಹೆಂಗೂ ದಾಟ್ಲೇಬೇಕು, ಒಬ್ಬಳೇ ಹೆದರ್ಕೊಂಡು ಯಾಕೆ ದಾಟ್ಲಿ," ಎಂದಳು. ಮೂರನೇ ದಿನ ಸೈಕಲ್ ರಿಪೇರಿಯವನು ಬಂದ, ಮೂವರು ವಿದ್ಯಾರ್ಥಿನಿಯರನ್ನೂ ಕರೆತಂದ. ಶುಕ್ರವಾರದ ಹೊತ್ತಿಗೆ ಅರವತ್ತು ಮಂದಿಯಾದರು. ಘೋಷಣೆ, ಬ್ಯಾನರು ಯಾವುದೂ ಬೇಡವೆಂದು ಬೈಂಡರಮ್ಮ ಮೊದಲೇ ಹೇಳಿಬಿಟ್ಟಿದ್ದರು. ಯಾರೂ ನಡುರಸ್ತೆಯಲ್ಲಿ ನಿಲ್ಲಕೂಡದು, ನಡೆಯುತ್ತಲೇ ಇರಬೇಕು. ಆಂಬುಲೆನ್ಸ್ ಸದ್ದು ಕೇಳಿದರೆ ಎಲ್ಲರೂ ಅಂಚಿಗೆ. ಬಸ್ಸುಗಳಿಗೆ ಆಗಾಗ ದಾರಿ. ಗಾಡಿಗಳ ಸಾಲು ಅಂಚೆ ಕಚೇರಿಯ ತಿರುವಿನವರೆಗೂ ಬೆಳೆಯಿತು.

ಪೊಲೀಸಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. "ಏನಮ್ಮ ಇದು? ರಸ್ತೆ ತಡೆ ಮಾಡ್ತಿದೀರಾ?"

"ಇಲ್ಲಪ್ಪ. ರಸ್ತೆ ದಾಟ್ತಿದೀನಿ."

"ಆಗ್ಲೇ ದಾಟಿದ್ರಲ್ಲ!"

"ಈಗ ವಾಪಸು ದಾಟ್ತಿದೀನಿ."

"ಎಷ್ಟು ಸಲ ದಾಟ್ತೀರಿ?"

"ಒಬ್ಬರು ದಿನಕ್ಕೆ ಎಷ್ಟು ಸಲ ದಾಟಬಹುದು ಅಂತ ಎಲ್ಲಾದ್ರೂ ಬರೆದಿದ್ರೆ ತೋರಿಸಿ. ಅದಕ್ಕಿಂತ ಒಂದು ಸಲ ಜಾಸ್ತಿ ದಾಟಿದ್ರೆ ನಾನೇ ಬಂದು ನಿಮ್ಮ ಜೀಪಲ್ಲಿ ಕೂತ್ಕೋತೀನಿ."

ವಿದ್ಯಾರ್ಥಿನಿಯರು ಕಿಸಕ್ಕನೆ ನಕ್ಕರು. ಪೊಲೀಸಪ್ಪನಿಗೂ ನಗು ಬಂತು, ನುಂಗಿಕೊಂಡ. ಆ ಹೇಳಿಕೆಯ ಕಾಗದವನ್ನು ಮತ್ತೆ ಜೇಬಿನಿಂದ ತೆಗೆದ. ಬೈಂಡರಮ್ಮ ಅದನ್ನು ಇಸಿದುಕೊಂಡು ನೇರ ಮೇಷ್ಟ್ರಿದ್ದ ಆಸ್ಪತ್ರೆಗೆ ಹೋದರು. ಸಂಜೆ ಅದು ಠಾಣೆಗೆ ಮರಳಿದಾಗ ಅದರಲ್ಲಿ ಬೈಂಡರಮ್ಮನ ಸಹಿ ಇರಲಿಲ್ಲ. 'ಅಜಾಗರೂಕತೆಯಿಂದ' ಎಂಬುದರ ಸುತ್ತ ಕೆಂಪು ಶಾಯಿಯ ಗೆರೆ ಇತ್ತು, ಅಂಚಿನಲ್ಲಿ ಮೇಷ್ಟ್ರ ದುಂಡಕ್ಷರದಲ್ಲಿ 'ಯಾರ?' ಎಂಬ ಪ್ರಶ್ನೆಯಿತ್ತು. ಜೊತೆಗೆ ಎರಡು ಕಾಗುಣಿತದ ತಪ್ಪುಗಳನ್ನೂ ತಿದ್ದಿದ್ದರು.

ಶನಿವಾರ ಮಗಳು ಒಬ್ಬಳೇ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಮ್ಮ, ಅವರ ಸಾಹೇಬ್ರು ಎಲ್ಲರ ಮುಂದೆ ಕೇಳಿದ್ರಂತೆ, ನಿಮ್ಮ ಅತ್ತೆನ ಹದ್ದುಬಸ್ತಿನಲ್ಲಿ ಇಡೋಕಾಗಲ್ವೇನ್ರೀ ಅಂತ."

"ಹದ್ದುಬಸ್ತಿನಲ್ಲಿ ಇಡಬೇಕಾಗಿರೋದು ಆ ಕಾರುಗಳನ್ನ."

"ನಿಂಗೇನು, ಹೇಳಿಬಿಡ್ತೀಯ! ಈ ವರ್ಷ ಅವರಿಗೆ ಬಡ್ತಿ ಸಿಗಬೇಕಿತ್ತು. ಮುಖ ಊದಿಸ್ಕೊಂಡು ಅವರು ಬಂದು ಕೂರೋದು ನನ್ನ ಮುಂದೆ."

ಬೈಂಡರಮ್ಮ ಚಹಾಕ್ಕೆ ನೀರಿಟ್ಟರು. ಒಬ್ಬಳೇ ಮಗಳು. "ನಿನಗೆ ಕಷ್ಟ ಆಗ್ತಿದೆ ಅನ್ನೋದಕ್ಕೆ ನಂಗೆ ಬೇಜಾರಿದೆ ಪುಟ್ಟಿ. ದಾಟಿದ್ದಕ್ಕೆ ಬೇಜಾರಿಲ್ಲ. ಸೋಮವಾರನೂ ದಾಟ್ತೀನಿ."

ಮಗಳು ಒಂದು ಲೋಟ ಚಹಾ ಕೂಡ ಕುಡಿಯದೆ ಹೊರಟುಹೋದಳು.

ಸೋಮವಾರ ದೊಡ್ಡ ಎಂಜಿನಿಯರ್ ಸಾಹೇಬರ ಜೀಪು ಅಂಗಡಿಯ ಪಕ್ಕ ಬಂದು ನಿಂತಿತು. ಬೇಲಿ ಹಾಕುವ ಜಾಗ ನೋಡಲು ಬಂದಿದ್ದರು. ಹಿಂದಿನ ಸೀಟಿನಿಂದ ಅಳಿಯ ಇಳಿದ, ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಫೈಲು. ಬೈಂಡರಮ್ಮ ಆಗ ಆಚೆ ಬದಿಯಲ್ಲಿ, ಗೇಟಿನ ಹತ್ತಿರವಿದ್ದರು.

"ಹೋಗ್ರಿ, ನಿಮ್ಮ ಅತ್ತೆಗೆ ಬುದ್ಧಿ ಹೇಳಿ ಮನೆಗೆ ಕಳಿಸ್ರಿ," ಎಂದರು ಸಾಹೇಬರು.

ಅಳಿಯ ರಸ್ತೆಯ ಅಂಚಿಗೆ ಬಂದ. ಒಂದು ಹೆಜ್ಜೆ ಇಳಿದ, ಕಾರು ಬಂತು, ಹಿಂದಕ್ಕೆ ಜಿಗಿದ. ಮತ್ತೆ ಇಳಿದ, ಬೈಕು ಬಂತು, ಮತ್ತೆ ಹಿಂದಕ್ಕೆ. ಎಂಟು ವರ್ಷಗಳಿಂದ ಈ ರಸ್ತೆಯ ನಕ್ಷೆ ಬರೆಯುತ್ತಿದ್ದವನು. ಬಂದಾಗಲೆಲ್ಲ ಜೀಪಿನಲ್ಲಿ ಬಂದು ಜೀಪಿನಲ್ಲೇ ಹೋಗಿದ್ದ. ನಾಲ್ಕು ನಿಮಿಷ ಅಲ್ಲೇ ತಕತಕ ಕುಣಿದ. ಕೊನೆಗೆ ಬೈಂಡರಮ್ಮನೇ ಈಚೆ ದಾಟಿ ಬಂದು ಅವನ ಮಣಿಕಟ್ಟು ಹಿಡಿದರು.

"ಬನ್ನಿ, ದಾಟಿಸ್ತೀನಿ."

"ಅತ್ತೆ, ಸಾಹೇಬ್ರು ನೋಡ್ತಿದಾರೆ."

"ನೋಡ್ಲಿ. ಗಾಡಿಯವರ ಮುಖ ನೋಡ್ಕೊಂಡು ನಡೀರಿ. ಓಡಬೇಡಿ."

ಅರ್ಧ ದಾರಿಯಲ್ಲಿ ಬೈಕೊಂದು ನುಗ್ಗಿ ಬಂದು ಅವನ ಕಂಕುಳಿನ ಫೈಲಿಗೆ ತಗುಲಿತು. ಫೈಲು ಬಿತ್ತು, ನಕ್ಷೆ ಬಿಚ್ಚಿಕೊಂಡಿತು, ಹಿಂದೆ ಬಂದ ವ್ಯಾನು ಅದರ ಮೇಲೆ ಹರಿದು ಹೋಯಿತು. ಅಳಿಯನ ಮುಖ ಸುಣ್ಣದಂತಾಯಿತು. ಆಚೆ ಬದಿ ತಲುಪಿದ ಕೂಡಲೇ ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತ. ಕಸ ಗುಡಿಸುವ ಅಕ್ಕ ನೀರಿನ ಬಾಟಲಿ ಕೊಟ್ಟಳು.

"ನಾನು ರಸ್ತೆ ಅಗಲ ಹನ್ನೆರಡು ಮೀಟರ್ ಅಂತ ಬರೆದಿದೀನಿ ಅತ್ತೆ," ಎಂದ ಅವನು ಒಂದು ಗುಟುಕು ಕುಡಿದು.

"ಅಳತೆ ಸರಿಯಾಗೇ ಇದೆ. ನೀವು ದಾಟಿರಲಿಲ್ಲ, ಅಷ್ಟೆ."

ಆಚೆಯಿಂದ ಸಾಹೇಬರು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು, "ಏನ್ರೀ? ಏನಂತಾರೆ?"

ಅಳಿಯ ಎದ್ದು ನಿಂತ. ಅತ್ತೆಯ ಎದುರು ಎಂದೂ ಏರದ ದನಿ ಈಗ ಸಾಹೇಬರ ಕಡೆಗೆ ಏರಿತು. "ಸಾರ್, ನೀವೂ ಒಂದ್ಸಲ ದಾಟಿ ಬನ್ನಿ! ಆಮೇಲೆ ಮಾತಾಡೋಣ!"

ಅರವತ್ತು ಮಂದಿಯೂ ಚಪ್ಪಾಳೆ ಹೊಡೆದರು. ಸಾಹೇಬರು ರಸ್ತೆಯನ್ನು ಎಡಕ್ಕೂ ಬಲಕ್ಕೂ ನೋಡಿದರು, ಕೈಗಡಿಯಾರ ನೋಡಿಕೊಂಡರು, ಜೀಪು ಹತ್ತಿದರು.

ಬೇಲಿಯವರು ಬರಲೇ ಇಲ್ಲ. ಅಳಿಯ ಫೈಲಿನಲ್ಲಿ ತನ್ನ ಹೆಸರು ಹಾಕಿ ಟಿಪ್ಪಣಿ ಬರೆದ: ಸ್ಕೈವಾಕ್ ಬೇಡ, ಗೇಟಿನೆದುರು ಫುಟ್‌ಪಾತಿನಷ್ಟೇ ಎತ್ತರಕ್ಕೆ ರಸ್ತೆ ಏರಿಸಿ ದಾಟುವ ಜಾಗ ಮಾಡಬೇಕು, ಅಲ್ಲಿ ಗಾಡಿಗಳು ತಾವಾಗಿಯೇ ನಿಧಾನವಾಗಬೇಕು, ಅಂಚಿನಲ್ಲಿ ಸೈಕಲ್ಲಿಗೆ ಬೇರೆ ಪಟ್ಟಿ ಬಿಡಬೇಕು. ಅದಕ್ಕೆ ಪ್ರತಿಫಲವಾಗಿ ಅವನಿಗೆ ಸಿಕ್ಕಿದ್ದು ಒಳಚರಂಡಿ ವಿಭಾಗಕ್ಕೆ ವರ್ಗ. ಬಡ್ತಿ ಆ ವರ್ಷ ಸಿಗಲಿಲ್ಲ. ಮಗಳು ಒಂಬತ್ತು ದಿನ ತಾಯಿಗೆ ಫೋನ್ ಮಾಡಲಿಲ್ಲ. ಹತ್ತನೇ ದಿನ ಬೆಳಿಗ್ಗೆ, ಯಾರಿಗೂ ಹೇಳದೆ, ಕಂದನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಗೇಟಿನ ಹತ್ತಿರ ಬಂದು ನಿಂತಳು.

"ಎಷ್ಟು ಸಲ ದಾಟಬೇಕು?" ಎಂದು ಕೇಳಿದಳು ಮುಖ ಬಿಗಿದುಕೊಂಡೇ.

"ಕಂದ ಇರೋದ್ರಿಂದ ನೀನು ಎರಡು ಸಲ ದಾಟು, ಸಾಕು," ಎಂದರು ಬೈಂಡರಮ್ಮ. ಅವರ ಕಣ್ಣು ತುಂಬಿತ್ತು. ಧೂಳು ಎಂದು ಸೆರಗಿನಿಂದ ಒರೆಸಿಕೊಂಡರು.

ಏಳು ವಾರ ದಾಟಿದರು. ಎಂಟನೇ ವಾರದಲ್ಲಿ ಕೆಲಸದವರು ಬಂದು ರಸ್ತೆ ಅಗೆದರು, ದಾಟುವ ಜಾಗ ಏರಿಸಿದರು, ಪಟ್ಟೆ ಬಳಿದರು. ಸೈಕಲ್ ಪಟ್ಟಿ ಸಪೂರವಾಯಿತು, ಆದರೂ ಬಂತು. ಇದು ತಾತ್ಕಾಲಿಕ ವ್ಯವಸ್ಥೆ ಎಂದು ಇಲಾಖೆ ಫಲಕ ಹಾಕಿತು. ತಾತ್ಕಾಲಿಕವನ್ನು ಕಿತ್ತರೆ ತಾವು ಮತ್ತೆ ದಾಟುವುದಾಗಿ ಬೈಂಡರಮ್ಮ ಪೊಲೀಸಪ್ಪನಿಗೆ ಹೇಳಿದರು. ಅವನು ತಂದಿದ್ದ ಹೊಸ ಹೇಳಿಕೆಯಲ್ಲಿ ಮೇಷ್ಟ್ರ ಅಜಾಗರೂಕತೆ ಇರಲಿಲ್ಲ, ಕಾರಿನ ವೇಗ ಇತ್ತು. ಅದನ್ನೂ ಮೊದಲ ಸಾಲಿನಿಂದ ಓದಿಯೇ ಸಹಿ ಹಾಕಿದರು.

ಮೇಷ್ಟ್ರು ಕೋಲು ಊರಿಕೊಂಡು ಅಂಗಡಿಗೆ ಬಂದ ದಿನ, ಅವರು ದಾಟಿ ಮುಗಿಸುವವರೆಗೂ ಎರಡೂ ಕಡೆ ಗಾಡಿಗಳು ನಿಂತಿದ್ದವು. ಒಬ್ಬ ಹಾರನ್ ಹೊಡೆದ. ಮೇಷ್ಟ್ರು ನಡುವಲ್ಲೇ ನಿಂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆಮೇಲೆ ಮುಂದೆ ನಡೆದರು.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಮೇಷ್ಟ್ರನ್ನು ನೋಡಿಕೊಂಡಿದ್ದ ನರ್ಸಮ್ಮ ಅಂಗಡಿಗೆ ಬಂದಳು. ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ ರೋಗಿಗಳು ಜೀವ ಕೈಯಲ್ಲಿ ಹಿಡಿದು ದಾಟುತ್ತಾರೆ, ಹೋದ ವಾರವೂ ಒಬ್ಬ ಹೆಂಗಸಿಗೆ ಪೆಟ್ಟಾಯಿತು, ಅರ್ಜಿ ಕೊಟ್ಟರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂದಳು.

ಬೈಂಡರಮ್ಮ ಹೊಲಿಯುತ್ತಿದ್ದ ಪುಸ್ತಕ ಕೆಳಗಿಟ್ಟರು.

"ಅಲ್ಲಿ ಗಾಡಿ ಜಾಸ್ತಿ ಇರೋದು ಎಷ್ಟು ಗಂಟೆಗೆ?"